ಉಪವಾಸ ಹೋಯಿತು, ಮೀನು ಉಳಿಯಿತು

ನಾರ್ವೆ, ಸ್ವೀಡನ್ ದೇಶಗಳ ಕ್ರಿಸ್‌ಮಸ್ ಊಟದ ಲುಟೆಫಿಸ್ಕ್ ತಿನ್ನುವವನ ತಾಳ್ಮೆಯನ್ನೇ ಪರೀಕ್ಷಿಸುವ ಖಾದ್ಯ. ನಾರ್ವೆಯ ಲೊಫೊಟೆನ್ ದ್ವೀಪಗಳಲ್ಲಿ ಫೆಬ್ರವರಿಯಿಂದ ಮೇವರೆಗೆ, ಉಪ್ಪು ಸೋಕಿಸದೆ, ಮರದ ಅಟ್ಟಣೆಗಳ ಮೇಲೆ ಚಳಿಗಾಳಿಗೆ ಒಣಗಿದ ಕಾಡ್ ಮೀನು ಸೌದೆಯಷ್ಟು ಗಟ್ಟಿಯಾಗುತ್ತದೆ. ಅದನ್ನು ನೀರಲ್ಲಿ ನೆನೆಸಿ, ಆಮೇಲೆ ಬೂದಿಯ ತಿಳಿಯಲ್ಲೋ ಕಾಸ್ಟಿಕ್ ಸೋಡಾದಲ್ಲೋ ಮುಳುಗಿಸುತ್ತಾರೆ. ಆಗ ತಿಂದರೆ ಬಾಯಿ ಸುಟ್ಟೀತು. ದಿನಗಟ್ಟಲೆ ನೀರು ಬದಲಿಸಿ ತೊಳೆದ ಮೇಲಷ್ಟೇ ಅದು ಆಹಾರ. ಬೆಂದಾಗ ಲೋಳೆಲೋಳೆಯಾಗಿ ನಡುಗುತ್ತದೆ, ಬೆಳ್ಳಿಯ ಚಮಚವನ್ನು ಕಪ್ಪಾಗಿಸುತ್ತದೆ. ಅದನ್ನು ಗೇಲಿ ಮಾಡುವುದರಲ್ಲಿ ಅದನ್ನು ತಿನ್ನುವವರೇ ಮುಂದು. ಆ ನಗುವಿನಲ್ಲಿ ನಾನೂ ಸೇರುತ್ತೇನೆ. ಆದರೆ ಈ ಮೀನು ಕೇಳುವ ಪ್ರಶ್ನೆ ಗಂಭೀರವಾದದ್ದು: ವಿಧಿಸಿದ ಧರ್ಮವೇ ವಿಧಿಯನ್ನು ಕೈಬಿಟ್ಟ ಮೇಲೂ ಉಳಿಯುವ ಆಚರಣೆ ಧಾರ್ಮಿಕವೇ?

ಕ್ಯಾಥೊಲಿಕ್ ಕಾಲದಲ್ಲಿ ಕ್ರಿಸ್‌ಮಸ್‌ನ ಮುಂಚಿನ ವ್ರತದ ದಿನಗಳಲ್ಲಿ ಮಾಂಸ ನಿಷಿದ್ಧ, ಮೀನಿಗೆ ಅಡ್ಡಿಯಿಲ್ಲ. ಲುಥೆರನ್ ಸುಧಾರಣೆಯಿಂದ ದೇಶ ಬಿಟ್ಟ ಸ್ವೀಡನ್ನಿನ ಕ್ಯಾಥೊಲಿಕ್ ಧರ್ಮಗುರು ಓಲಾಸ್ ಮ್ಯಾಗ್ನಸ್, 1555ರಲ್ಲಿ ರೋಮಿನಲ್ಲಿ ಪ್ರಕಟಿಸಿದ ಉತ್ತರದ ಜನರ ಚರಿತ್ರೆಯಲ್ಲಿ ಕ್ಷಾರದಲ್ಲಿ ನೆನೆಸಿದ ಈ ಮೀನಿನ ಬಗ್ಗೆ ಬರೆದಿದ್ದಾನೆ. ಅಷ್ಟರಲ್ಲಿ ಅವನ ನಾಡಿನಲ್ಲಿ ವ್ರತದ ಬುಡವೇ ಅಲುಗಿತ್ತು. ಇಂಥ ಆಹಾರ ನಿಯಮಗಳಿಂದ ಪುಣ್ಯ ಬರುತ್ತದೆಂಬ ನಂಬಿಕೆಯನ್ನು ಲುಥೆರನ್ನರ 1530ರ ಆಗ್ಸ್‌ಬರ್ಗ್ ನಂಬಿಕೆ-ಪ್ರಕಟಣೆ ತಿರಸ್ಕರಿಸಿತ್ತು. 1593ರಲ್ಲಿ ಸ್ವೀಡನ್ನಿನ ಚರ್ಚೂ ಆ ಪ್ರಕಟಣೆಯನ್ನೇ ಅಂಗೀಕರಿಸಿತು. ಹೀಗೆ ನಿಯಮ ಹೋಯಿತು, ಮೀನು ಹೋಗಲಿಲ್ಲ. ಉಪವಾಸದ ಊಟವಾಗಿದ್ದದ್ದು ಹಬ್ಬದ ಊಟವಾಯಿತು. ನನ್ನ ವಾದ ಇಷ್ಟೇ: ಪುಣ್ಯದ ಲೆಕ್ಕ ಕಳಚಿಕೊಂಡ ಮೇಲೆ ಈ ಆಚರಣೆ ಕೆಳಗಿಳಿಯಲಿಲ್ಲ, ಇನ್ನಷ್ಟು ಶುದ್ಧವಾಯಿತು. ಅದೇ ಪ್ರಕಟಣೆ, ಮೋಕ್ಷಕ್ಕೆ ಬೆಲೆಯೆಂದು ಭಾವಿಸದಿದ್ದರೆ ಹಳೆಯ ಪದ್ಧತಿಗಳನ್ನು ಇಟ್ಟುಕೊಳ್ಳಬಹುದೆಂದೂ ಒಪ್ಪುತ್ತದೆ. ಪ್ರತಿಫಲವಿಲ್ಲವೆಂದು ತಿಳಿದೂ ಮಾಡುವ ಕೆಲಸಕ್ಕೆ ಅಲ್ಲಿ ಜಾಗವಿದೆ.

ಇದು ಬರಿಯ ಅಭ್ಯಾಸ, ಚಳಿನಾಡಿನಲ್ಲಿ ಕೆಡದ ಆಹಾರ ಬೇಕಿತ್ತು ಅಷ್ಟೇ ಎನ್ನುವವರಿದ್ದಾರೆ. ಮೀನು ಒಣಗಿಸುವುದಕ್ಕೆ ಆ ಕಾರಣ ಸಾಕು. ಆದರೆ ಫ್ರಿಜ್ ಬಂದ ಮೇಲೂ, ತಾಜಾ ಮೀನು ಅಂಗಡಿಯಲ್ಲೇ ಸಿಗುವಾಗಲೂ ಇದನ್ನು ಕ್ರಿಸ್‌ಮಸ್‌ಗೆಂದೇ ಹುಡುಕಿ ತರುವುದನ್ನು ಅದು ವಿವರಿಸುವುದಿಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪ, ಇದು ಭಕ್ತಿಯಲ್ಲ, ಕುಲದ ಅಭಿಮಾನ ಎಂಬುದು. ಅಮೆರಿಕದ ಮಿನ್ನೆಸೋಟಾಕ್ಕೆ ವಲಸೆ ಹೋದ ನಾರ್ವೇಜಿಯನ್ನರ ವಂಶಸ್ಥರನ್ನು ನೋಡಿದರೆ ಹಾಗೆನ್ನಿಸುವುದು ಸಹಜ. ಆದರೆ ಅಲ್ಲಿ ಈ ಊಟ ನಡೆಯುವುದು ಹೆಚ್ಚಾಗಿ ಲುಥೆರನ್ ಚರ್ಚುಗಳ ನೆಲಮಾಳಿಗೆಯಲ್ಲಿ. ಬಡಿಸುವವರು ಸಭೆಯ ಸ್ವಯಂಸೇವಕರು, ಉಳಿದ ಹಣ ಚರ್ಚಿನ ಕೆಲಸಕ್ಕೆ. ಅಜ್ಜಿಯ ನೆನಪು, ನೆರೆಯವರ ಪಂಕ್ತಿ, ದೇವರ ಹಬ್ಬ ಒಂದೇ ತಟ್ಟೆಯಲ್ಲಿ ಬೆರೆತಿರುವಾಗ ಅಭಿಮಾನ ಎಲ್ಲಿ ಮುಗಿದು ಭಕ್ತಿ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯುವ ಅಧಿಕಾರ ಹೊರಗೆ ನಿಂತು ನೋಡುವವರಿಗಿಲ್ಲ.