ಹಳೆಯ ಯಂತ್ರಕ್ಕೆ ಹೊಸ ಒಡಲು

ಬಳಸಿ ಸವೆದ ಕತ್ತಿಗೆ ನಾವು ಮೊದಲು ಹಿಡಿ ಬದಲಾಯಿಸುತ್ತೇವೆ. ಕೆಲವು ವರ್ಷಗಳ ನಂತರ ಅಲಗನ್ನೂ ಬದಲಾಯಿಸುತ್ತೇವೆ. ಆದರೂ ಅದನ್ನು ‘ಅಜ್ಜನ ಕತ್ತಿ’ ಎಂದೇ ಕರೆಯುತ್ತೇವೆ. ಮನೆಯಲ್ಲಿ ಇದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ತಕರಾರು ಮಾಡಿದವರು ಗ್ರೀಕರು. ಅಥೆನ್ಸಿನ ಜನ ಥೀಸಿಯಸ್‌ನ ಹಡಗನ್ನು ಕಾಪಾಡಲು ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆ ಹಾಕುತ್ತಾ ಹೋದಾಗ, ಅದು ಅದೇ ಹಡಗು ಹೌದೋ ಅಲ್ಲವೋ ಎಂದು ತತ್ವಜ್ಞಾನಿಗಳು ವಾದಿಸಿದ್ದನ್ನು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಅತ್ತ ಭಿಕ್ಷು ನಾಗಸೇನನು ಮಿಲಿಂದ ರಾಜನಿಗೆ, ರಥವೆಂದರೆ ಚಕ್ರವೇ, ಅಚ್ಚೇ, ನೊಗವೇ ಎಂದು ಕೇಳಿ, ಅವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರೇ ರಥ ಎಂದು ಒಪ್ಪಿಸಿದ್ದ.

ಈ ಹಳೆಯ ವಾದ ಈಗ ಒಂದು ಕಂಪ್ಯೂಟರಿನ ಸುತ್ತ ನಡೆದಿದೆ. ಕಮೊಡೋರ್ 64 ಎಂಬ ಯಂತ್ರ 1982ರಲ್ಲಿ ಅಮೆರಿಕದಲ್ಲಿ 595 ಡಾಲರಿಗೆ ಮಾರುಕಟ್ಟೆಗೆ ಬಂತು. ಕೀಲಿಮಣೆಯ ಒಳಗೇ ಇಡೀ ಕಂಪ್ಯೂಟರ್; ಮನೆಯ ಟಿ.ವಿ.ಗೆ ಜೋಡಿಸಿದರಾಯಿತು. ನೆನಪಿನ ಶಕ್ತಿ ಬರೇ 64 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯದು. ಆದರೂ ಒಂದು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು; ಪಶ್ಚಿಮದ ಒಂದು ಪೀಳಿಗೆಯ ಎಷ್ಟೋ ಮಕ್ಕಳು ಪ್ರೋಗ್ರಾಂ ಬರೆಯಲು ಕಲಿತದ್ದು ಅದರ ಮುಂದೆ ಕುಳಿತು. 1994ರಲ್ಲಿ ಕಮೊಡೋರ್ ಕಂಪೆನಿ ದಿವಾಳಿಯಾಯಿತು. ಯಂತ್ರಗಳು ಮಾತ್ರ ಅಟ್ಟಗಳಲ್ಲಿ ಉಳಿದುಕೊಂಡವು. ಅವುಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯೇ ಹಳತಾದಂತೆ ಹದ ತಪ್ಪಿ, ಹೆಚ್ಚು ವೋಲ್ಟೇಜ್ ಹರಿಸಿ ಒಳಗಿನ ಚಿಪ್‌ಗಳನ್ನು ಸುಡುತ್ತದೆ. ಅನ್ನ ಕೊಡುವ ಕೈಯೇ ವಿಷ ಕೊಟ್ಟಂತೆ!

2015ರಲ್ಲಿ ಜರ್ಮನಿಯ ಇಂಡಿವಿಜುವಲ್ ಕಂಪ್ಯೂಟರ್ಸ್ ಈ ಯಂತ್ರಕ್ಕೆ ಹೊಸ ಮದರ್‌ಬೋರ್ಡ್ ತಯಾರಿಸಿ ಮಾರಿತು. ಆದರೆ ಅದು ಹೆಚ್ಚುಕಡಿಮೆ ಖಾಲಿ ಮನೆ. ಪ್ರೊಸೆಸರ್, ಚಿತ್ರ ಮೂಡಿಸುವ ಚಿಪ್, ಧ್ವನಿ ಹೊರಡಿಸುವ ಚಿಪ್ ಇವನ್ನೆಲ್ಲ ಹಳೆಯ ಯಂತ್ರದಿಂದ ಕಿತ್ತು ತಂದು ಕೂರಿಸಬೇಕು. 2018ರಲ್ಲಿ ನೆದರ್ಲೆಂಡಿನಿಂದ ಬಂದ ‘ಅಲ್ಟಿಮೇಟ್ 64’ ಇನ್ನೊಂದು ದಾರಿ ಹಿಡಿಯಿತು. ಅದಕ್ಕೆ ಹಳೆಯ ಚಿಪ್ ಬೇಕಾಗಿಯೇ ಇಲ್ಲ. ಒಳಗಿನ ತರ್ಕವನ್ನು ಬೇಕಾದಂತೆ ಹೊಂದಿಸಬಹುದಾದ ಒಂದೇ ಆಧುನಿಕ ಚಿಪ್, ಹಳೆಯ ಚಿಪ್‌ಗಳೆಲ್ಲ ಮಾಡುತ್ತಿದ್ದ ಕೆಲಸವನ್ನು ತಾನೇ ಮಾಡುತ್ತದೆ. ಹಳೆಯ ಆಟಗಳು ಅದರಲ್ಲಿ ಓಡುತ್ತವೆ.

ಹಾಗಾದರೆ ಇವೆರಡರಲ್ಲಿ ಯಾವುದು ನಿಜವಾದ ಕಮೊಡೋರ್? ಅಭಿಮಾನಿಗಳಲ್ಲಿ ಅನೇಕರು ಮೊದಲನೆಯದು ಎನ್ನುತ್ತಾರೆ. ಹಳೆಯ ಚಿಪ್‌ನಲ್ಲಿ ಏನೋ ಇದೆ ಎಂಬುದು ಅವರ ಭಾವನೆ. ಅದು ಬರೇ ಭ್ರಮೆಯೂ ಅಲ್ಲ. ಬಾಬ್ ಯಾನ್ಸ್ ರೂಪಿಸಿದ ‘ಸಿಡ್’ ಎಂಬ ಧ್ವನಿ ಚಿಪ್‌ನ ಫಿಲ್ಟರ್ ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಒಂದೇ ಹಾಡು ಎರಡು ಯಂತ್ರಗಳಲ್ಲಿ ತುಸು ಬೇರೆಯಾಗಿ ಕೇಳಿಸುತ್ತದೆ. ಆ ದನಿಗೆ ಮನಸೋತು ಸ್ವೀಡನ್ನಿನ ಎಲೆಕ್ಟ್ರಾನ್ ಕಂಪೆನಿ ಅದೇ ಚಿಪ್ ಬಳಸಿ ‘ಸಿಡ್‌ಸ್ಟೇಷನ್’ ಎಂಬ ವಾದ್ಯವನ್ನೇ ತಯಾರಿಸಿತ್ತು.

ಇಲ್ಲಿಯೇ ಪ್ರಶ್ನೆ ತತ್ವಶಾಸ್ತ್ರದಿಂದ ನೀತಿಗೆ ಹೊರಳುತ್ತದೆ. ಥೀಸಿಯಸ್‌ನ ಹಡಗಿಗೆ ಹೊಸ ಹಲಗೆ ಕಾಡಿನಿಂದ ಬಂತು. ಸಿಡ್ ಚಿಪ್ ಎಲ್ಲಿಂದ ಬರಬೇಕು? ಅದನ್ನು ತಯಾರಿಸುವ ಕಾರ್ಖಾನೆ ಇಂದಿಲ್ಲ. ಸುಟ್ಟುಹೋದ ಯಂತ್ರದಲ್ಲಿ ಉಳಿದಿರುವ ಒಳ್ಳೆಯ ಚಿಪ್ ಹೊಸ ಬೋರ್ಡಿಗೆ ಬಂದರೆ ಅದು ನೇತ್ರದಾನದಂತೆ, ಆಕ್ಷೇಪವಿಲ್ಲ. ಆದರೆ ಚಿಪ್‌ಗೆ ಬೆಲೆ ಏರಿದಾಗ ಚೆನ್ನಾಗಿ ಓಡುತ್ತಿರುವ ಯಂತ್ರದ ಹೊಟ್ಟೆಯನ್ನೂ ಸೀಳಲಾಗುತ್ತದೆ. ಬೇರೆ ಚಿಪ್‌ಗಳ ಮೇಲಿನ ಅಕ್ಷರ ಕೆರೆದು ‘ಸಿಡ್’ ಎಂದು ಅಚ್ಚೊತ್ತಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ಅಸಲಿಯೇ ಬೇಕು ಎಂಬ ಹಟ ಅಸಲಿಯನ್ನೇ ತಿಂದು ಮುಗಿಸುತ್ತಿದೆ. ನಕಲು ಎಂದು ಮೂಗು ಮುರಿಯಲಾಗುವ ಎರಡನೆಯ ಬೋರ್ಡ್ ಎಲ್ಲೋ ಒಂದು ಹಳೆಯ ಯಂತ್ರವನ್ನು ಅದರ ಪಾಡಿಗೆ ಬಿಟ್ಟಿರುತ್ತದೆ. ನಮ್ಮ ಒಲವು ಅದರ ಕಡೆಗೆ.

ಇದೆಲ್ಲ ಸಾಧ್ಯವಾದದ್ದರಲ್ಲಿ ಆ ಕಾಲದ ಒಂದು ಒಳ್ಳೆಯ ನಡತೆಯ ಪಾಲೂ ಇದೆ. 1982ರಲ್ಲಿ ಕಂಪೆನಿ ಹೊರತಂದ ಪ್ರೋಗ್ರಾಮರುಗಳ ಕೈಪಿಡಿಯಲ್ಲಿ ಯಂತ್ರದ ಇಡೀ ಸರ್ಕ್ಯೂಟ್ ನಕ್ಷೆಯಿತ್ತು. ಕೊಂಡವನಿಗೆ ಒಳಗೇನಿದೆ ಎಂದು ತಿಳಿಯುವ ಹಕ್ಕಿದೆ ಎಂದು ಆಗ ತಿಳಿದಿದ್ದರೋ, ಅಥವಾ ಮುಚ್ಚಿಡಬೇಕೆಂದು ತೋಚಲಿಲ್ಲವೋ! ಇಂದು ನಮ್ಮ ಜೇಬಿನಲ್ಲಿರುವ ಫೋನಿನ ಡಬ್ಬಿಯಲ್ಲಿ ಚಾರ್ಜರ್ ಕೂಡ ಎಷ್ಟೋ ಸಲ ಇರುವುದಿಲ್ಲ, ನಕ್ಷೆಯ ಮಾತಂತೂ ದೂರ. ನಲವತ್ತು ವರ್ಷಗಳ ಬಳಿಕ ಅದನ್ನು ಯಾರು, ಯಾವುದನ್ನು ನೋಡಿ ಎಬ್ಬಿಸಿಯಾರು?

ಅಲ್ಟಿಮೇಟ್ 64ರ ಬೋರ್ಡಿನ ಮೇಲೆ ಒಂದು ಸಂಗತಿ ನಮ್ಮ ಕಣ್ಣಿಗೆ ಬಿತ್ತು. ಯಾವ ಹಳೆಯ ಚಿಪ್ ಕೂಡ ಬೇಡವೆಂದು ಮಾಡಿದ ಅದರಲ್ಲೂ ಸಿಡ್ ಚಿಪ್ ಕೂರಿಸಲು ಎರಡು ಸಾಕೆಟ್‌ಗಳನ್ನು ಖಾಲಿ ಬಿಡಲಾಗಿದೆ. ಬೇಕಾದವರು ತುಂಬಿಕೊಳ್ಳಬಹುದು. ಎಲ್ಲಿಂದ ಕಿತ್ತು ತಂದು ತುಂಬಿದರು ಎಂಬುದನ್ನು ಬೋರ್ಡ್ ಕೇಳುವುದಿಲ್ಲ.