ಉಪಕಾರಿ ಬೇರೆ, ಸೇವಕ ಬೇರೆ

ಚುನಾವಣೆ ಬಂತೆಂದರೆ ಸರ್ಕಲ್ಲಿನ ಫ್ಲೆಕ್ಸುಗಳಲ್ಲಿ ಜನಸೇವಕರು ಸಾಲುಗಟ್ಟಿ ನಿಲ್ಲುತ್ತಾರೆ. ಚರ್ಚಿನ ವಾರ್ಷಿಕ ಸಭೆಗಳಲ್ಲಿ ಪದಾಧಿಕಾರಿಗಳೂ ತಮ್ಮನ್ನು ಸೇವಕರೆಂದೇ ಕರೆದುಕೊಳ್ಳುತ್ತಾರೆ. ಕಂಪನಿಗಳ ತರಬೇತಿ ಶಿಬಿರಗಳಲ್ಲಿ ಇದೇ ಮಾತು ‘ಸರ್ವೆಂಟ್ ಲೀಡರ್‌ಶಿಪ್’ ಎಂಬ ಹೆಸರಿನಲ್ಲಿ ಪಾಠವಾಗುತ್ತದೆ. ಮಾತು ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಯೇಸು ಶಿಷ್ಯರ ಕಾಲು ತೊಳೆದ ಪ್ರಸಂಗವನ್ನು ತಂದೇ ತರುತ್ತಾರೆ. ಇವರೆಲ್ಲರ ಬಾಯಲ್ಲಿ ಸೇವೆಯೆಂದರೆ ದೊಡ್ಡವರು ಚಿಕ್ಕವರ ಮೇಲೆ ತೋರುವ ಔದಾರ್ಯ. ಕ್ರೈಸ್ತ ಚಿಂತನೆ ಒಳ್ಳೆಯ ನಾಯಕನಲ್ಲಿ ಹುಡುಕುವ ಗುಣ ಇದಲ್ಲ. ಆ ಔದಾರ್ಯವನ್ನು ಅದು ಅನುಮಾನದಿಂದಲೇ ನೋಡುತ್ತದೆ.

ಲೂಕನ ಸುವಾರ್ತೆಯ 22ನೆಯ ಅಧ್ಯಾಯ ನೋಡಿ. ಕೊನೆಯ ಊಟದ ಪಂಕ್ತಿಯಲ್ಲೇ ಶಿಷ್ಯರಿಗೆ ತಮ್ಮಲ್ಲಿ ದೊಡ್ಡವನು ಯಾರೆಂದು ಜಗಳ ಹತ್ತಿಕೊಂಡಿದೆ. ಯೇಸು ಅವರಿಗೆ ಅನ್ಯಜನಾಂಗಗಳ ಅರಸರ ಉದಾಹರಣೆ ಕೊಡುತ್ತಾನೆ: ಅವರು ಜನರ ಮೇಲೆ ದೊರೆತನ ನಡೆಸುತ್ತಾರೆ, ಉಪಕಾರಿಗಳೆಂದು ಕರೆಸಿಕೊಳ್ಳುತ್ತಾರೆ, ನೀವು ಹಾಗಿರಬೇಡಿ ಎನ್ನುತ್ತಾನೆ. ಇಲ್ಲಿ ಬೈಸಿಕೊಂಡವರು ಕ್ರೂರಿಗಳಷ್ಟೇ ಅಲ್ಲ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ‘ಉಪಕಾರಿ’ ಎಂಬುದು ಆ ಕಾಲದ ಗ್ರೀಕ್ ಜಗತ್ತಿನಲ್ಲಿ ಗೌರವದ ಬಿರುದು. ಈಜಿಪ್ಟಿನ ಮೂರನೆಯ ಟಾಲೆಮಿ ಇತಿಹಾಸದಲ್ಲಿ ಆ ಬಿರುದಿನಿಂದಲೇ ಗುರುತಾಗಿದ್ದಾನೆ. ಬರಗಾಲದಲ್ಲಿ ಧಾನ್ಯ ಹಂಚಿದವರಿಗೆ, ಸ್ವಂತ ಹಣದಲ್ಲಿ ಕಟ್ಟಡ ಕಟ್ಟಿಸಿಕೊಟ್ಟವರಿಗೆ ನಗರಗಳು ಶಾಸನ ಹಾಕಿಸಿ ಆ ಬಿರುದು ಕೊಡುತ್ತಿದ್ದವು. ಅವರಿಂದ ಜನರ ಹೊಟ್ಟೆ ತುಂಬಿದ್ದು ಸುಳ್ಳಲ್ಲ. ಹಾಗಿದ್ದರೂ ಯೇಸು ಅವರನ್ನು ಮಾದರಿಯಾಗಿ ಒಪ್ಪಲಿಲ್ಲ. ಏಕೆ?

ಊರಿಗೆ ಕೊಳವೆಬಾವಿ ಕೊರೆಸಿಕೊಟ್ಟು ಕಲ್ಲಿನಲ್ಲಿ ಹೆಸರು ಕೆತ್ತಿಸಿದ ದಾನಿ ಒಬ್ಬ. ಆ ನೀರನ್ನು ದಿನವೂ ಓಣಿಓಣಿಗೆ ಬಿಡುವ ನೀರಗಂಟಿ ಇನ್ನೊಬ್ಬ. ಇಬ್ಬರಿಂದಲೂ ಊರಿಗೆ ನೀರು ಸಿಗುತ್ತದೆ. ಆದರೆ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರದಿದ್ದರೆ ಕೊಡ ಹಿಡಿದು ನಿಂತ ಹೆಂಗಸು ಕೂಗಾಡುವುದು ನೀರಗಂಟಿಯ ಮೇಲೆ. ಅವಳಿಗೆ ಆ ಹಕ್ಕಿದೆ, ಅವನು ಉತ್ತರ ಕೊಡಲೇಬೇಕು. ದಾನಿಯ ಮನೆ ಬಾಗಿಲಿಗೆ ಹೋಗಿ ಹಾಗೆ ಕೇಳುವವರುಂಟೇ? ಕೇಳಿದರೆ ಉಂಡ ಮನೆಗೆ ಎರಡು ಬಗೆದವರೆನಿಸಿಕೊಳ್ಳಬೇಕಾಗುತ್ತದೆ. ಏನು ಕೊಡಬೇಕು, ಯಾರಿಗೆ, ಯಾವಾಗ ಎಂಬುದೆಲ್ಲ ಉಪಕಾರಿಯ ಇಷ್ಟ, ಪಡೆದವರಿಗೆ ಉಳಿಯುವುದು ಕೃತಜ್ಞತೆ ಒಂದೇ. ಸೇವಕನಿಗೆ ಕೆಲಸ ಇನ್ನೊಬ್ಬರು ಒಪ್ಪಿಸಿದ್ದು, ಆದ್ದರಿಂದ ಲೆಕ್ಕವನ್ನೂ ಅವನು ಒಪ್ಪಿಸಬೇಕು. ಇಬ್ಬರ ಮನಸ್ಸು ಎಷ್ಟೇ ಮೃದುವಾಗಿರಲಿ, ಈ ಅಂತರ ಅಳಿಯುವುದಿಲ್ಲ. ಸುವಾರ್ತೆಯ ಸೇವೆ ಇರುವುದು ಇಲ್ಲಿ. ಅದನ್ನು ವಿನಯ, ಮುಗುಳ್ನಗೆ, ಸರಳ ಉಡುಪು ಎಂದು ಓದಿದರೆ ಹೊರಗಿನ ಸಿಪ್ಪೆ ಮಾತ್ರ ಕೈಗೆ ಬರುತ್ತದೆ.

ಕಾಲು ತೊಳೆದ ಪ್ರಸಂಗ ಯೋಹಾನನ ಸುವಾರ್ತೆಯಲ್ಲಿದೆ. ಅದನ್ನು ನಿಧಾನವಾಗಿ ಓದಬೇಕು. ಯೇಸು ಊಟದಿಂದ ಏಳುತ್ತಾನೆ, ಮೇಲುಡುಪು ತೆಗೆದಿಡುತ್ತಾನೆ, ಸೊಂಟಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾನೆ, ಬೋಗುಣಿಗೆ ನೀರು ಹೊಯ್ದು ಒಬ್ಬೊಬ್ಬರ ಕಾಲು ತೊಳೆದು ಒರೆಸುತ್ತಾನೆ. ಕೆಲವೇ ಹೊತ್ತಿನಲ್ಲಿ ಅವನನ್ನು ಹಿಡಿದುಕೊಡಲಿರುವ ಯೂದನೂ ಆ ಪಂಕ್ತಿಯಲ್ಲಿದ್ದಾನೆ. ಮುಗಿದ ಮೇಲೆ ಉಡುಪು ತೊಟ್ಟು ಮತ್ತೆ ತನ್ನ ಜಾಗದಲ್ಲೇ ಕುಳಿತುಕೊಳ್ಳುತ್ತಾನೆ. ನೀವು ನನ್ನನ್ನು ಗುರು ಎನ್ನುತ್ತೀರಿ, ಅದು ಸರಿಯೇ ಎನ್ನುತ್ತಾನೆ. ಅಧಿಕಾರವನ್ನು ಅವನು ಬಿಟ್ಟುಕೊಡಲಿಲ್ಲ, ತನಗಿಲ್ಲವೆಂದು ನಟಿಸಲೂ ಇಲ್ಲ.

ನನಗೆ ಇಲ್ಲಿ ಬಹಳ ಮುಖ್ಯವಾಗಿ ಕಾಣುವುದು ಪೇತ್ರನ ನಿರಾಕರಣೆ. ನೀನು ಎಂದಿಗೂ ನನ್ನ ಕಾಲು ತೊಳೆಯಕೂಡದು ಎಂದು ಅವನು ಹಟ ಹಿಡಿಯುತ್ತಾನೆ. ಮೇಲುನೋಟಕ್ಕೆ ಇದು ಭಕ್ತಿ. ಒಳಗೆ ನೋಡಿದರೆ ಮುಂದೆ ನಾಯಕನಾಗಲಿರುವವನು ಇನ್ನೊಬ್ಬರಿಂದ ಪಡೆಯಲಾರದ ಬಿಗುವು. ತೊಳೆಸಿಕೊಳ್ಳದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂಬ ಉತ್ತರ ಅವನನ್ನು ಬಗ್ಗಿಸುತ್ತದೆ. ಆಮೇಲೆ ಬರುವ ಆಜ್ಞೆಯೂ ‘ನೀವು ಜನರ ಕಾಲು ತೊಳೆಯಿರಿ’ ಎಂದಲ್ಲ. ಒಬ್ಬರ ಕಾಲನ್ನು ಒಬ್ಬರು ತೊಳೆಯಬೇಕು ಎಂದು. ಅಂದರೆ ನಾಯಕನೂ ತನ್ನ ಧೂಳುಗಾಲನ್ನು ಬೇರೆಯವರ ಕೈಗೆ ಕೊಡಬೇಕು. ಬಾಗಿ ತೊಳೆಯುವುದಕ್ಕಿಂತ ಇದು ಕಷ್ಟ. ಬಾಗಿದವನಿಗೆ ಮೆಚ್ಚುಗೆ ಸಿಗುತ್ತದೆ, ಕಾಲು ಕೊಟ್ಟವನ ಕೊಳೆ ಕಾಣುತ್ತದೆ.

2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ, ಹೆಣ್ಣುಮಕ್ಕಳೂ ಮುಸಲ್ಮಾನರೂ ಇದ್ದ ಹನ್ನೆರಡು ಮಂದಿಯ ಕಾಲು ತೊಳೆದದ್ದು ದೊಡ್ಡ ನಡೆಯೇ; 2016ರಲ್ಲಿ ಆ ವಿಧಿ ಹೆಂಗಸರಿಗೂ ಅಧಿಕೃತವಾಗಿ ತೆರೆಯಿತು. ಆದರೂ ನನ್ನ ಒಲವು ಬ್ರದರನ್, ಅಡ್ವೆಂಟಿಸ್ಟ್ ಮುಂತಾದ ಸಣ್ಣ ಪಂಗಡಗಳ ಪದ್ಧತಿಯ ಕಡೆಗೆ. ಅಲ್ಲಿ ಸಭೆಯವರು ಪರಸ್ಪರ ಕಾಲು ತೊಳೆಯುತ್ತಾರೆ, ಪಾಸ್ಟರನೂ ತೊಳೆಸಿಕೊಳ್ಳುತ್ತಾನೆ.

ತರಬೇತಿ ಶಿಬಿರಗಳ ಸೇವಕ-ನಾಯಕನ ಮೂಲಪುರುಷ ರಾಬರ್ಟ್ ಗ್ರೀನ್‌ಲೀಫ್. ಅಮೆರಿಕದ ಎಟಿ ಅಂಡ್ ಟಿ ಕಂಪನಿಯಲ್ಲಿ ದಶಕಗಳ ಕಾಲ ದುಡಿದು ನಿವೃತ್ತನಾದ ಈತ 1970ರಲ್ಲಿ ಬರೆದ ಪ್ರಬಂಧದಿಂದ ಈ ಮಾತು ಹಬ್ಬಿತು. ಅವನ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ನಾಯಕನ ಕೈಕೆಳಗಿನವರು ಬೆಳೆದರೇ ಎಂದು ಕೇಳಬೇಕೆಂಬ ಅವನ ಒರೆಗಲ್ಲು ಒಳ್ಳೆಯದು. ಆದರೆ ಅವನ ಬುನಾದಿ ನನಗೆ ಒಪ್ಪಿಗೆಯಿಲ್ಲ. ಅವನಿಗೆ ಸ್ಫೂರ್ತಿ ಹರ್ಮನ್ ಹೆಸ್ಸೆಯ ‘ಪೂರ್ವದ ಯಾತ್ರೆ’ಯ ಲಿಯೋ. ಯಾತ್ರಿಕರ ಚಾಕರಿ ಮಾಡಿಕೊಂಡಿದ್ದ ಲಿಯೋ, ಕೊನೆಗೆ ನೋಡಿದರೆ ಆ ಸಂಘದ ಮುಖ್ಯಸ್ಥ. ಕಥೆಯ ಸೊಗಸು ವೇಷ ಕಳಚುವುದರಲ್ಲಿದೆ. ಯೇಸು ವೇಷ ಹಾಕಿರಲಿಲ್ಲ, ಗುರುವೆಂದು ಗೊತ್ತಿದ್ದವರ ಮುಂದೆಯೇ ಬಾಗಿದ. ಎರಡನೆಯದಾಗಿ, ಗ್ರೀನ್‌ಲೀಫನ ನಾಯಕ ಹೊರಡುವುದು ಸೇವೆ ಮಾಡಬೇಕೆಂಬ ತನ್ನದೇ ಆಸೆಯಿಂದ. ಆಸೆ ಬತ್ತಿದ ದಿನ ಅವನನ್ನು ಯಾರು ಕೇಳಬೇಕು ಎಂಬುದು ಅವನ ಪ್ರಬಂಧದ ಕೇಂದ್ರದಲ್ಲಿ ಇಲ್ಲ. ಈ ಸೇವಕ ಒಳ್ಳೆಯ ಮನಸ್ಸಿನ ಉಪಕಾರಿ. ಕಂಪನಿಗಳಿಗೆ ಅವನು ಇಷ್ಟು ಬೇಗ ಒಗ್ಗಿದ್ದೇ ಅದಕ್ಕೆ.

ಬೈಬಲು ತನ್ನ ನಾಯಕರನ್ನು ಹೀಗೆ ಕೇಳುವವರಿಲ್ಲದೆ ಬಿಡುವುದಿಲ್ಲ. ದಾವೀದ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಅವನನ್ನು ಯುದ್ಧದ ಮುಂಚೂಣಿಯಲ್ಲಿ ಸಾಯಲು ಬಿಟ್ಟ ರಾಜ. ಅವನಲ್ಲಿ ಉಳಿದಿದ್ದ ನಾಯಕನ ಗುಣ ಒಂದೇ: ಪ್ರವಾದಿ ನಾತಾನ ಅರಮನೆಗೆ ನಡೆದು ಬಂದು, ಬಡವನ ಒಂದೇ ಕುರಿಮರಿಯನ್ನು ಕಸಿದ ಶ್ರೀಮಂತನ ಕಥೆ ಹೇಳಿ, ಆ ಮನುಷ್ಯ ನೀನೇ ಎಂದು ಮುಖಕ್ಕೆ ಹೇಳಿ, ಜೀವಸಹಿತ ಹೊರಗೆ ಹೋಗಬಹುದಿತ್ತು. ರಾಜ ತಪ್ಪೊಪ್ಪಿಕೊಂಡ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರೊಂದಿಗೆ ಊಟಕ್ಕೆ ಕೂರುವುದನ್ನು ಜನರ ಭಯಕ್ಕೆ ನಿಲ್ಲಿಸಿದಾಗ ಪೌಲ ಎಲ್ಲರೆದುರಿಗೆ ಅವನನ್ನು ಖಂಡಿಸಿದ. ಪೇತ್ರನನ್ನು ಅಪೊಸ್ತಲರಲ್ಲಿ ಮೊದಲಿಗನೆಂದು ಎಣಿಸಿದ ಸಭೆಯೇ ಆ ಖಂಡನೆಯನ್ನು ಹೇಳುವ ಪೌಲನ ಪತ್ರವನ್ನು ತನ್ನ ಧರ್ಮಗ್ರಂಥದೊಳಗೆ ಸೇರಿಸಿಕೊಂಡಿತು. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಸಭಾಧ್ಯಕ್ಷನ ಗುಣಗಳ ಪಟ್ಟಿಯಿದೆ: ಹಣದಾಸೆ ಇರಬಾರದು, ಕುಡುಕನಾಗಿರಬಾರದು, ಹೊರಗಿನವರಲ್ಲೂ ಒಳ್ಳೆಯ ಹೆಸರಿರಬೇಕು. ಬಹುಪಾಲು ಪಕ್ಕದ ಮನೆಯವರು ಪರೀಕ್ಷಿಸಿ ಹೇಳಬಹುದಾದ ಗುಣಗಳೇ.

ಹಾಗಾದರೆ ಜನಪ್ರಿಯತೆ? 1933ರ ಫೆಬ್ರವರಿ 1ರಂದು, ಹಿಟ್ಲರ್ ಚಾನ್ಸಲರ್ ಆಗಿ ಎರಡು ದಿನವಾಗಿತ್ತು, ಇಪ್ಪತ್ತಾರರ ಯುವ ದೇವಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹೋಫರ್ ಬರ್ಲಿನ್ ರೇಡಿಯೋದಲ್ಲಿ ಇದನ್ನೇ ಎತ್ತಿಕೊಂಡ. ನಾಯಕನನ್ನು ವಿಗ್ರಹ ಮಾಡಲು ಅನುಯಾಯಿಗಳು ಹಾತೊರೆಯುತ್ತಾರೆ. ಅದಕ್ಕೆ ಮಣಿದವನು ದಾರಿತಪ್ಪಿಸುವವನಾಗುತ್ತಾನೆ. ಒಳ್ಳೆಯವನು ತನ್ನ ಅಧಿಕಾರದ ಮಿತಿಯನ್ನು ಸಾರಿ ಹೇಳಿ, ಜನರನ್ನು ಅವರವರ ಹೊಣೆಗೆ ಮರಳಿಸುತ್ತಾನೆ ಎಂಬುದು ಅವನ ವಾದ. ಭಾಷಣ ಮುಗಿಯುವ ಮುನ್ನವೇ ಪ್ರಸಾರ ಕಡಿದುಹೋಯಿತು. 1945ರ ಏಪ್ರಿಲ್ 9ರಂದು ಅವನನ್ನು ಫ್ಲಾಸನ್‌ಬ್ಯೂರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಜಯಕಾರ ಹಾಕಿಸಿಕೊಳ್ಳುವ ಜನಸೇವಕರು ಅವನ ವಾದಕ್ಕೆ ಉತ್ತರ ಕೊಡಬೇಕು, ಚರ್ಚಿನೊಳಗಿನವರು ಎಲ್ಲರಿಗಿಂತ ಮೊದಲು.

ಇಷ್ಟೆಲ್ಲವನ್ನೂ ದಿನನಿತ್ಯದ ಕಟ್ಟಳೆಯಾಗಿ ಬರೆದಿಟ್ಟವನು ಆರನೆಯ ಶತಮಾನದ ಇಟಲಿಯ ಸಂತ ಬೆನೆಡಿಕ್ಟ್. ಅವನ ಮಠದಲ್ಲಿ ಅಡುಗೆಮನೆಯ ಸರದಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಸರದಿ ಮುಗಿಸಿದವನು ಒರೆಸುವ ಬಟ್ಟೆಗಳನ್ನು ಒಗೆದು, ಬರುವವನ ಜೊತೆ ಸೇರಿ ಎಲ್ಲರ ಕಾಲು ತೊಳೆದು, ಪಾತ್ರೆಗಳನ್ನು ಚೊಕ್ಕವಾಗಿ ಉಗ್ರಾಣಿಗೆ ಒಪ್ಪಿಸಬೇಕು. ಮುಖ್ಯ ವಿಷಯ ಬಂದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಏಕೆಂದರೆ ದೇವರು ಎಷ್ಟೋ ಸಲ ಒಳ್ಳೆಯದನ್ನು ತೋರುವುದು ಎಲ್ಲರಿಗಿಂತ ಕಿರಿಯನಿಗೆ. ಇದನ್ನು ಓದಿ ಮೆಚ್ಚುವವರು ಆ ಕಟ್ಟಳೆಯ 64ನೆಯ ಅಧ್ಯಾಯದವರೆಗೂ ಹೋಗಬೇಕು. ಮಠದವರೆಲ್ಲ ಒಮ್ಮತದಿಂದಲೇ ತಮ್ಮ ದುರಾಚಾರಕ್ಕೆ ಕಣ್ಣುಮುಚ್ಚುವ ಅಧಿಪತಿಯನ್ನು ಆರಿಸಿಕೊಂಡರೆ ಏನು ಮಾಡಬೇಕೆಂಬುದು ಅಲ್ಲಿದೆ. ಆ ಸೀಮೆಯ ಬಿಷಪ್, ನೆರೆಯ ಮಠಾಧಿಪತಿಗಳು, ಇಲ್ಲವೇ ಸುತ್ತಲಿನ ಸಾಮಾನ್ಯ ಕ್ರೈಸ್ತರು ಒಳಬಂದು ಆ ಆಯ್ಕೆಯನ್ನು ತಡೆದು, ಯೋಗ್ಯನೊಬ್ಬನನ್ನು ಕೂರಿಸಬೇಕು. ತಡೆಯದೆ ಸುಮ್ಮನಿದ್ದರೆ ಪಾಪ ಆ ನೆರೆಹೊರೆಯವರದೂ ಆಗುತ್ತದೆ.