ದಂಡು ಹೋದ ಮೇಲೆ



ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ ನಾವೆಲ್ಲ ತಪ್ಪದೆ ಕರೆದುಕೊಂಡು ಹೋಗುವ ಜಾಗ ಗೋಲ್ಡನ್ ಗೇಟ್ ಸೇತುವೆ. ಅದರ ದಕ್ಷಿಣದ ತುದಿಗೆ ಹೊಂದಿಕೊಂಡು ಸುಮಾರು 1,500 ಎಕರೆಗಳಷ್ಟು ವಿಸ್ತಾರವಾದ ಪ್ರೆಸಿಡಿಯೋ ಇದೆ. ನೀಲಗಿರಿ ಮರಗಳು, ಹುಲ್ಲುಹಾಸು, ಸಾಲಾಗಿ ನಿಂತ ಕೆಂಪು ಇಟ್ಟಿಗೆಯ ಕಟ್ಟಡಗಳು. ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಆದರೆ ಆ ಇಟ್ಟಿಗೆಯ ಕಟ್ಟಡಗಳು ಸೈನಿಕರ ಬ್ಯಾರಕ್ಕುಗಳಾಗಿದ್ದವು. ಪ್ರೆಸಿಡಿಯೋ ಎಂಬ ಸ್ಪ್ಯಾನಿಷ್ ಮಾತಿನ ಅರ್ಥವೇ ನಮ್ಮ ಕನ್ನಡದ 'ದಂಡು'.

ಓಲೋನಿ ಮೂಲನಿವಾಸಿಗಳ ನೆಲದಲ್ಲಿ ಸ್ಪೇನಿನವರು 1776ರಲ್ಲಿ ಇಲ್ಲಿ ಠಾಣ್ಯ ಹಾಕಿದರು. ಅವರ ನಂತರ ಮೆಕ್ಸಿಕೋ, ಆಮೇಲೆ ಅಮೆರಿಕ. ಹೀಗೆ ಮೂರು ಧ್ವಜಗಳ ಕೆಳಗೆ 218 ವರ್ಷ ಇದ್ದ ಸೈನ್ಯ 1994ರ ಅಕ್ಟೋಬರ್ 1ರಂದು ಈ ಜಾಗವನ್ನು ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಬಿಟ್ಟುಕೊಟ್ಟಿತು. 1996ರಲ್ಲಿ ಅಮೆರಿಕದ ಕಾಂಗ್ರೆಸ್ ಪ್ರೆಸಿಡಿಯೋ ಟ್ರಸ್ಟ್ ಸ್ಥಾಪಿಸಿ, 2013ರ ಹೊತ್ತಿಗೆ ಅದು ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕೆಂದು ಕರಾರು ಹಾಕಿತು. ಹಾಗಾಗಿ ಅಧಿಕಾರಿಗಳ ಮನೆಗಳು ಬಾಡಿಗೆಗೆ ಹೋದವು. ಒಂದು ಬ್ಯಾರಕ್ಕಿನಲ್ಲಿ 2009ರಲ್ಲಿ ವಾಲ್ಟ್ ಡಿಸ್ನಿ ವಸ್ತುಸಂಗ್ರಹಾಲಯ ತೆರೆಯಿತು. ಟಾರು ಹಾಕಿ ಮುಚ್ಚಿದ್ದ ಕ್ರಿಸ್ಸಿ ಫೀಲ್ಡ್ ವಿಮಾನನೆಲೆಯ ಒಂದು ಭಾಗವನ್ನು ಅಗೆದು ಸಮುದ್ರದ ನೀರನ್ನು ಮತ್ತೆ ಒಳಗೆ ಬಿಟ್ಟರು. ಈಗ ಅಲ್ಲಿ ಕೊಕ್ಕರೆಗಳು ನಿಲ್ಲುತ್ತವೆ.

ವೈದ್ಯನಾದ ನನಗೆ ಇಲ್ಲಿ ಬಹಳ ಇಷ್ಟದ ಹೆಸರು ಲೆಟರ್‌ಮನ್. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ಗಾಯಾಳುಗಳನ್ನು ರಣರಂಗದಿಂದ ಕ್ರಮವಾಗಿ ಸಾಗಿಸುವ ಆಂಬ್ಯುಲೆನ್ಸ್ ವ್ಯವಸ್ಥೆಯನ್ನು ಕಟ್ಟಿದ ಸೇನಾ ವೈದ್ಯ ಜೊನಾಥನ್ ಲೆಟರ್‌ಮನ್. ಇಲ್ಲಿನ ಸೇನಾ ಆಸ್ಪತ್ರೆಗೆ 1911ರಲ್ಲಿ ಆತನ ಹೆಸರಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ರಣರಂಗದಿಂದ ಬಂದ ಅಸಂಖ್ಯ ಗಾಯಾಳುಗಳು ಮೊದಲು ತಲುಪುತ್ತಿದ್ದುದು ಇಲ್ಲಿಗೆ. ಕೊನೆಯದಾಗಿ ಕಟ್ಟಿದ್ದ ಹತ್ತು ಅಂತಸ್ತಿನ ಆಸ್ಪತ್ರೆಯನ್ನು ಕೆಡವಿ, 2005ರಲ್ಲಿ ಅಲ್ಲಿ ಲ್ಯೂಕಾಸ್‌ಫಿಲ್ಮ್‌ನವರ ಕಚೇರಿ ತೆರೆದರು. ಮಕ್ಕಳು ಅಲ್ಲಿನ ಯೋಡಾ ಗೊಂಬೆಯ ಕಾರಂಜಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ನನ್ನ ಪ್ರಶ್ನೆ ಏನು? ಇದೇ ದಂಡಿನ ಇನ್ನೊಂದು ಕಥೆ ಕೇಳಿ.

1941ರ ನವೆಂಬರ್ 1ರಂದು ಕ್ರಿಸ್ಸಿ ಫೀಲ್ಡ್‌ನ ಒಂದು ಖಾಲಿ ವಿಮಾನ ಶೆಡ್ಡಿನಲ್ಲಿ ಸೈನ್ಯ ಗುಟ್ಟಾಗಿ ಒಂದು ಶಾಲೆ ತೆರೆಯಿತು. ಜಪಾನೀ ಭಾಷೆ ಬಲ್ಲ ಸೈನಿಕರನ್ನು ದುಭಾಷಿಗಳಾಗಿ ತಯಾರು ಮಾಡುವುದು ಉದ್ದೇಶ. ಸುಮಾರು 60 ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ಬಿಟ್ಟರೆ ಎಲ್ಲರೂ ಜಪಾನೀ ವಲಸಿಗರ ಮಕ್ಕಳು. ಪಾಠವೂ ಅಲ್ಲೇ, ನಿದ್ದೆಯೂ ಅಲ್ಲೇ. ಕೆಲವೇ ತಿಂಗಳಲ್ಲಿ, 1942ರ ಫೆಬ್ರವರಿ 19ರಂದು, ಅಧ್ಯಕ್ಷ ರೂಸ್‌ವೆಲ್ಟ್ ಆಜ್ಞೆ 9066ಕ್ಕೆ ಸಹಿ ಹಾಕಿದರು. ಇದೇ ಪ್ರೆಸಿಡಿಯೋದಲ್ಲಿ ಕಚೇರಿ ಇದ್ದ ಜನರಲ್ ಡಿವಿಟ್, ಪಶ್ಚಿಮ ಕರಾವಳಿಯ ಜಪಾನೀ ಮೂಲದವರೆಲ್ಲ ಮನೆ ಬಿಟ್ಟು ಹೊರಡಬೇಕೆಂದು 108 ಆಜ್ಞೆಗಳನ್ನು ಹೊರಡಿಸಿದ. ಸುಮಾರು 1,20,000 ಜನ, ಅವರಲ್ಲಿ ಮೂರರಲ್ಲಿ ಎರಡು ಪಾಲು ಈ ದೇಶದಲ್ಲೇ ಹುಟ್ಟಿದ ಪ್ರಜೆಗಳು, ಕೈಯಲ್ಲಿ ಹೊರುವಷ್ಟು ಸಾಮಾನು ಹಿಡಿದು ಶಿಬಿರಗಳಿಗೆ ಹೋದರು. ಒಂದೇ ಆವರಣದ ಒಂದು ಕಟ್ಟಡದಲ್ಲಿ ಮಗ ದೇಶಸೇವೆಗೆ ಓದುತ್ತಿದ್ದಾನೆ, ಇನ್ನೊಂದರಲ್ಲಿ ಅವನ ತಾಯಿತಂದೆಯನ್ನು ಹೊರಹಾಕುವ ಕಾಗದ ಟೈಪಾಗುತ್ತಿದೆ! ಕೊನೆಗೆ ಆ ಶಾಲೆಯನ್ನೇ ಮಿನ್ನೆಸೋಟಾಕ್ಕೆ ಎತ್ತಿಕೊಂಡು ಹೋಗಬೇಕಾಯಿತು. ಕಾರಣ, ಜಪಾನೀ ಮುಖದವರು ಕರಾವಳಿಯಲ್ಲಿ ಇರುವ ಹಾಗಿರಲಿಲ್ಲ.

ಇಂಥ ಜಾಗದಲ್ಲಿ ಮದುವೆ, ಪಿಕ್ನಿಕ್ ಮಾಡಬಹುದೇ? ಮಾಡಿದರೆ, ಅಲ್ಲಿ ನಡೆದದ್ದಕ್ಕೆ ನಾವು ಏನಾದರೂ ಸಲ್ಲಿಸಬೇಕಾಗಿದೆಯೇ?

"ಅದು ಇವರ ಇತಿಹಾಸ, ನಾವು ಬಂದದ್ದು 1965ರ ಕಾನೂನಿನ ನಂತರ. ನಮಗೇಕೆ ಆ ಉಸಾಬರಿ?" ಎನ್ನುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ನಮ್ಮ ಹಿರಿಯರು ಎರಡು ಬೇರೆ ಬೇರೆ ಮಾತುಗಳನ್ನು ನಮಗೆ ಕೊಟ್ಟಿದ್ದಾರೆ: ಪಾಪ ಮತ್ತು ಋಣ. ಪಾಪ ಮಾಡಿದವನಿಗೆ ಅಂಟುತ್ತದೆ. 1942ರ ಪಾಪ ನಮ್ಮದಲ್ಲ, ಈಗ ಅಲ್ಲಿ ಬಾಡಿಗೆಗಿರುವವರದೂ ಅಲ್ಲ. ಆದರೆ ಋಣ ಹಾಗಲ್ಲ. ಅಪ್ಪನ ಹೊಲ ಬೇಕು, ಹೊಲದ ಮೇಲಿನ ಸಾಲ ಬೇಡ ಎಂದರೆ ಯಾವ ಊರಿನ ಪಂಚಾಯಿತಿ ಒಪ್ಪೀತು? ಈ ದೇಶದ ವಿಶ್ವವಿದ್ಯಾಲಯ, ಆಸ್ಪತ್ರೆ, ಉದ್ಯಾನಗಳನ್ನು ನಮ್ಮವೆಂದು ಅನುಭವಿಸುವ ನಾವು, ಅವುಗಳ ಜೊತೆಗೆ ಬರುವ ಋಣಪತ್ರವನ್ನು ಮಾತ್ರ ಪಕ್ಕದವನ ಕೈಗೆ ಕೊಡಲಾಗದು.

ಹಾಗೆಂದು ಅಲ್ಲಿ ಯಾರೂ ನಗಬಾರದು, ಎಲ್ಲವನ್ನೂ ಸ್ಮಾರಕ ಮಾಡಬೇಕು ಎನ್ನುವುದೂ ಸರಿಯಲ್ಲ. ನೋವು ನಡೆಯದ ನೆಲ ಭೂಮಿಯ ಮೇಲೆ ಎಲ್ಲಿದೆ? ಬೆಂಗಳೂರಿನಲ್ಲಿ ಓದಿದವರಿಗೆ ಇದು ಗೊತ್ತು. 1809ರಲ್ಲಿ ಬ್ರಿಟಿಷರು ಹಾಕಿದ ದಂಡಿನ ಸೌತ್ ಪರೇಡೇ ಇಂದು ಮಹಾತ್ಮ ಗಾಂಧಿ ರಸ್ತೆ. ಅಲ್ಲಿ ಕಾಫಿ ಕುಡಿದರೆ ಯಾರಿಗೂ ದ್ರೋಹವಾಗುವುದಿಲ್ಲ. ಬದುಕು ಹಳೆಯ ಗೋಡೆಗಳೊಳಗೆ ಹೊಸದಾಗಿ ಹುಟ್ಟಲೇಬೇಕು.

ಇಲ್ಲಿ ನನ್ನ ವೃತ್ತಿಯ ಒಂದು ಮಾತು ಹೇಳುತ್ತೇನೆ. ಕೀವು ತುಂಬಿದ ಆಳವಾದ ಗಾಯವನ್ನು ನಾವು ಕೂಡಲೇ ಹೊಲಿಗೆ ಹಾಕಿ ಮುಚ್ಚುವುದಿಲ್ಲ. ಶುಚಿ ಮಾಡಿ, ಬಟ್ಟೆ ತುಂಬಿ, ದಿನಾ ಬದಲಾಯಿಸಿ, ಅದು ತಳದಿಂದ ಮೇಲಕ್ಕೆ ಮಾಯುವಂತೆ ನೋಡಿಕೊಳ್ಳುತ್ತೇವೆ. ಮೇಲಿನ ಚರ್ಮ ಮಾತ್ರ ಬೇಗ ಕೂಡಿದರೆ ನೋಡಲು ಚೆನ್ನಾಗಿರುತ್ತದೆ, ಒಳಗೆ ಕೀವು ಉಳಿಯುತ್ತದೆ. ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್ ನೋಡಿ. 1942ರಲ್ಲಿ ಆ ಕುದುರೆ ಪಂದ್ಯದ ಮೈದಾನದಲ್ಲಿ ಸುಮಾರು 8,000 ಜನರನ್ನು ತಿಂಗಳುಗಟ್ಟಲೆ ಇಟ್ಟರು, ಎಷ್ಟೋ ಸಂಸಾರಗಳು ಮಲಗಿದ್ದು ಕುದುರೆ ಲಾಯಗಳಲ್ಲಿ. 1971ರಲ್ಲಿ ಅಲ್ಲಿ ಶಾಪಿಂಗ್ ಮಾಲ್ ಎದ್ದಿತು. ಸೀರೆ ಹೊಂದಿಸಲು ಚಪ್ಪಲಿ ಹುಡುಕುತ್ತಾ ಅಲ್ಲಿ ಓಡಾಡಿದ ನಮ್ಮಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದಿತ್ತು? ಪಕ್ಕದ ರೈಲು ನಿಲ್ದಾಣದ ಬಳಿ ದೊಡ್ಡ ಸ್ಮಾರಕ ಬಂದದ್ದು 2022ರಲ್ಲಿ, 80 ವರ್ಷಗಳ ನಂತರ.

ಪ್ರೆಸಿಡಿಯೋದಲ್ಲಿ ಆ ವಿಮಾನ ಶೆಡ್ಡನ್ನು ಕೆಡವಲಿಲ್ಲ. 2013ರಲ್ಲಿ ಅದನ್ನು ದುಭಾಷಿ ಸೈನಿಕರ ಕಥೆ ಹೇಳುವ ಕೇಂದ್ರವಾಗಿ ತೆರೆದರು. ಜಪಾನೀ ಅಮೆರಿಕನ್ ಸಮುದಾಯದವರೇ ದಶಕಗಳ ಕಾಲ ಅದಕ್ಕಾಗಿ ದುಡಿದರು. 1988ರಲ್ಲಿ ಸರ್ಕಾರ ಕಾನೂನಿನ ಮೂಲಕವೇ ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಹೋದದ್ದು ಬರಲಿಲ್ಲ, ಆದರೂ ಗಾಯ ತಳದಿಂದ ಮಾಯತೊಡಗಿತು. ಒಂದು ಜಾಗವನ್ನು ಹೊಸದಕ್ಕೆ ಬಳಸುವವರಿಗೆ ನಾನು ಕೇಳುವುದು ಇಷ್ಟೇ: ಹಾಡಿ, ಕುಣಿಯಿರಿ, ಬಾಡಿಗೆಗೂ ಕೊಡಿ. ಆದರೆ ಇಲ್ಲಿ ನಡೆದದ್ದನ್ನು ಹೇಳಿ, ನೊಂದವರ ಬಾಯಿಂದಲೇ ಹೇಳಿಸಿ.

ಇದು ಪರರ ಕಥೆ ಎಂದುಕೊಳ್ಳುವವರು ಭಗತ್ ಸಿಂಗ್ ತಿಂಡ್ ಅವರನ್ನು ನೆನೆಯಬೇಕು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. 1923ರಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು 'ಬಿಳಿಯರಲ್ಲ', ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಆಗಲೇ ಪ್ರಜೆಗಳಾಗಿದ್ದ ಅನೇಕರ ಪೌರತ್ವವನ್ನೂ ಕಿತ್ತುಕೊಂಡರು. ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. 2001ರ ಸೆಪ್ಟೆಂಬರ್ ದಾಳಿಯ ನಾಲ್ಕನೆಯ ದಿನ ಅರಿಜೋನಾದಲ್ಲಿ ಬಲ್ಬೀರ್ ಸಿಂಗ್ ಸೋಧಿಯವರನ್ನು ಕೊಂದದ್ದು ಅವರ ಪೇಟ ಗಡ್ಡ ನೋಡಿ. ಆ ದಿನಗಳಲ್ಲಿ ನಮ್ಮಂಥವರ ಪರವಾಗಿ, ಮುಸ್ಲಿಮರ ಪರವಾಗಿ ಮೊದಲು ದನಿಯೆತ್ತಿದವರಲ್ಲಿ ಜಪಾನೀ ಅಮೆರಿಕನ್ನರು ಇದ್ದರು. ನಡೆದದ್ದನ್ನು ಮರೆಯದೇ ಇದ್ದುದರಿಂದ ಅವರಿಗೆ ಅದು ಸಾಧ್ಯವಾಯಿತು.

ಮುಂದಿನ ಸಲ ನೆಂಟರನ್ನು ಸೇತುವೆಗೆ ಕರೆದೊಯ್ದಾಗ ಒಂದು ಗಂಟೆ ಉಳಿಸಿಕೊಳ್ಳಿ. ಮಕ್ಕಳಿಗೆ ಆ ಶೆಡ್ಡನ್ನು ತೋರಿಸಿ, ಕಥೆ ಹೇಳಿ. ಆಮೇಲೆ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿನ್ನಿ. ಭಿನ್ನಾಭಿಪ್ರಾಯವಿದ್ದರೆ ಸಂಪಾದಕರಿಗೆ ಬರೆದು ತಿಳಿಸಿ, ಓದಲು ನಾನು ಕಾದಿರುತ್ತೇನೆ.